ದಣಿದವಳ ಹೂಂ

"ನಿಮ್ಮ ತಾಯಿ ಮಾರ್ಚ್ ತಿಂಗಳಲ್ಲಿ ತೀರಿಕೊಂಡ್ರು ಅಲ್ವಾ?"

"ಹೌದು."

"ಅಕ್ಟೋಬರ್‌ನಲ್ಲಿ ನಾಲ್ಕು ಪುಸ್ತಕ ತಗೊಂಡು ಹೋಗಿದ್ದಾರೆ. ನೋಡಿ, ಫೆನಾ ವಾಂಡರ್‌ಪ್ಲಾಟ್ಸ್. ಅವರದೇ ಹೆಸರು."

ಮಾರ್ಲಿಸ್ ಹೈಟಿಂಕ್ ನಾಲ್ಕು ಕಾರ್ಡುಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟಳು. ಎದುರಿಗೆ ನಿಂತಿದ್ದ ಗೆರಿಟ್ ಆರಡಿಯ ಆಳು. ಕೌಂಟಿಯ ಹಿಮ ತಳ್ಳುವ ಲಾರಿ ಓಡಿಸುವವನು, ವಯಸ್ಸು ನಲವತ್ಮೂರು. ಉಣ್ಣೆಯ ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಾ ನೆಲ ನೋಡುತ್ತಿದ್ದ.

"ಇನ್ನೊಂದು ಕೇಳ್ಬೇಕು. ಪುಸ್ತಕದ ಅಂಚಿನಲ್ಲೆಲ್ಲಾ ಪೆನ್ಸಿಲ್‌ನಲ್ಲಿ ಗೀಚಿರೋದು ಯಾರು? ಅದೂ ಸತ್ತೋರೇನಾ?"

ಗೆರಿಟ್‌ನ ಕಿವಿ ಕೆಂಪಾಯಿತು.

ಅವಳು ಒಂದು ಪುಸ್ತಕ ತೆರೆದು ಗಟ್ಟಿಯಾಗಿ ಓದಿದಳು. "'ಮೂರಡಿ ಹಿಮದಲ್ಲಿ ಯಾವ ಕುದುರೆನೂ ಹನ್ನೆರಡು ಮೈಲಿ ಓಡಲ್ಲ. ಬರೆದವರು ಕುದುರೆ ನೋಡಿಲ್ಲ.'"

"ಓಡಲ್ಲ" ಎಂದ ಗೆರಿಟ್.

"ನಾನು ಅದನ್ನ ಕೇಳ್ಲಿಲ್ಲ."

ಅಯೋವಾದ ನಮ್ಮ ವೆಸ್ಟರ್‌ವೆಲ್ಡ್ ಊರಿನ ಚರ್ಚಿಗೆ ಒಂದು ನೆಲಮಾಳಿಗೆ, ಅಲ್ಲೊಂದು ಪುಸ್ತಕದ ಕೋಣೆ. ಬೇಕಾದವರು ಪುಸ್ತಕದ ಹಿಂದಿನ ಲಕೋಟೆಯಿಂದ ಕಾರ್ಡು ತೆಗೆದು, ಹೆಸರು, ತಾರೀಖು ಬರೆದು, ಡಬ್ಬಿಗೆ ಹಾಕಿ ಒಯ್ಯುತ್ತಾರೆ. ಕಾವಲೇನೂ ಇಲ್ಲ. ಶನಿವಾರ ಮಧ್ಯಾಹ್ನ ಮಾತ್ರ ಮಾರ್ಲಿಸ್ ಬಂದು ಎಲ್ಲ ಸರಿಮಾಡಿ ಹೋಗುತ್ತಾಳೆ.

ಕ್ರಿಸ್‌ಮಸ್ ಹತ್ತಿರವಾದಾಗ ಅಲ್ಲಿ ಖಾಲಿಯಾಗುವುದು ಒಂದೇ ಕಪಾಟು, ಹಳೆಯ ಕಾಲದ ಪ್ರೇಮಕಥೆಗಳದ್ದು. ನೂರು ವರ್ಷ ಹಿಂದಿನ ಬಯಲು, ಒಬ್ಬಂಟಿ ಹೆಣ್ಣು, ಒಂದಷ್ಟು ಪ್ರಾರ್ಥನೆ, ಒಂದು ಹಿಮಗಾಳಿ, ಕೊನೆಗೆ ಕ್ರಿಸ್‌ಮಸ್ ಹಿಂದಿನ ಸಂಜೆ ಹಿಮ ದಾಟಿ ಬಂದು ಬಾಗಿಲು ತಟ್ಟುವ ಗಂಡಸು. ಎಲ್ಲ ಪುಸ್ತಕದಲ್ಲೂ ಇದೇ. ಗೊತ್ತಿದ್ದೂ ಓದುತ್ತೇವೆ. ನಾನೂ ಓದುತ್ತೇನೆ, ಸುಳ್ಳೇಕೆ ಹೇಳಲಿ. ಆದರೆ ನಮ್ಮೂರಿನ ಗಂಡಸರು ಆ ಕಪಾಟಿನ ಹತ್ತಿರ ಸುಳಿಯುವುದಿಲ್ಲ. ಸುಳಿದವನು ಸತ್ತ ತಾಯಿಯ ಹೆಸರು ಬರೆಯಬೇಕಾಗುತ್ತದೆ.

ಮಾರ್ಲಿಸ್‌ಗೆ ಕೂಗಾಡುವಷ್ಟು ತ್ರಾಣವಿರಲಿಲ್ಲ. ಅವಳು ಕೆಲಸ ಮಾಡುವ ವೃದ್ಧಾಶ್ರಮದಲ್ಲಿ ಅರ್ಧ ಜನ ಕೆಲಸಗಾರರಿಗೆ ಜ್ವರ. ಅವರ ಪಾಳಿಯೂ ಇವಳ ತಲೆಗೇ. ಬೆಳಿಗ್ಗೆ ಐದೂವರೆಯಿಂದ ಮುದುಕರನ್ನು ಎತ್ತಿ, ಕೂರಿಸಿ, ತೊಳೆದು, ತಿನ್ನಿಸಿ ಮೈಯೆಲ್ಲಾ ನುಗ್ಗಾಗಿತ್ತು. ಮೇಜಿನ ಡ್ರಾಯರ್‌ನಿಂದ ಒಂದು ರಬ್ಬರ್ ತೆಗೆದು ಗೆರಿಟ್‌ನ ಮುಂದೆ ಇಟ್ಟಳು.

"ಕ್ರಿಸ್‌ಮಸ್‌ವರೆಗೆ ಪ್ರತಿ ಶನಿವಾರ ಮೂರು ಗಂಟೆಗೆ ಬನ್ನಿ. ಗೀಚಿದ್ದನ್ನೆಲ್ಲಾ ನೀವೇ ಒರೆಸಿ."

ಅವನು ಕುಳಿತು ಒರೆಸತೊಡಗಿದ.

'ನಮ್ಮ ಪುಸ್ತಕಗಳನ್ನ ಓದಿ ಗೇಲಿ ಮಾಡ್ತಾನೆ... ನಗಲಿ. ಇವನಿಗೇನು ಗೊತ್ತು, ದಿನವೆಲ್ಲಾ ದುಡಿದು ಬಂದವಳಿಗೆ ಆ ಹತ್ತು ಪುಟ ಏನು ಅಂತ.' ಹೀಗೆಂದುಕೊಂಡು ಮಾರ್ಲಿಸ್ ಅವನಿಗೆ ಬೆನ್ನು ಹಾಕಿ ಕಪಾಟು ಜೋಡಿಸಿದಳು.

*

ಅವಳ ತಲೆಯಲ್ಲಿ ಇನ್ನೊಂದು ವಿಷಯವೂ ಕೂತಿತ್ತು.

ಹಾರ್ಲನ್ ರೂಲ್ಫ್ಸ್ ನಮ್ಮ ಚರ್ಚಿನ ಸಭೆಯ ಹಿರಿಯರಲ್ಲೊಬ್ಬರು, ಕೌಂಟಿ ಮಂಡಳಿಯ ಸದಸ್ಯರು. ಹೆಂಡತಿ ಹೋಗಿ ಮೂರು ವರ್ಷ. ನವೆಂಬರ್‌ನ ಒಂದು ಭಾನುವಾರ, ಆರಾಧನೆ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಅವರು ಮಾರ್ಲಿಸ್‌ಳನ್ನು ಕಿಟಕಿಯ ಹತ್ತಿರ ಕರೆದು ಹೇಳಿದ್ದರು.

"ನಿನಗೂ ಮೂವತ್ತೊಂಬತ್ತಾಯ್ತು. ನನಗೂ ಮನೆ ನೋಡಿಕೊಳ್ಳೋರು ಬೇಕು. ಮದುವೆಯಾದ್ರೆ ಆ ಕೆಲಸ ಬಿಟ್ಟುಬಿಡಬಹುದು ನೀನು. ಅವಸರ ಇಲ್ಲ, ಕ್ರಿಸ್‌ಮಸ್ ದಿನ ಹೇಳು ಸಾಕು."

ಕೆಟ್ಟವರಲ್ಲ ಹಾರ್ಲನ್. ಕುಡಿಯುವುದಿಲ್ಲ, ಬೈಯುವುದಿಲ್ಲ. ಮಾರ್ಲಿಸ್ ಹೂಂ ಎನ್ನುತ್ತಾಳೆಂದು ಊರಿಗೆ ಊರೇ ತೀರ್ಮಾನಿಸಿತ್ತು. ಅವಳೂ ಹೆಚ್ಚುಕಡಿಮೆ ತೀರ್ಮಾನಿಸಿದ್ದಳು.

ಅದನ್ನು ಅವಳು ಬಾಯಿಬಿಟ್ಟು ಹೇಳಿದ್ದು ಟಾಂಟೆ ಗ್ರೀಟ್‌ಗೆ ಮಾತ್ರ. ನಮ್ಮಲ್ಲಿ ವಯಸ್ಸಾದ ಹೆಂಗಸರನ್ನೆಲ್ಲ ಟಾಂಟೆ ಎನ್ನುತ್ತೇವೆ. ವೃದ್ಧಾಶ್ರಮದ ಹನ್ನೊಂದನೇ ಕೋಣೆಯ ಈ ಟಾಂಟೆಗೆ ತೊಂಬತ್ತೊಂದು. ಕಣ್ಣು ಹೋಗಿದೆ, ನಾಲಿಗೆ ಮಾತ್ರ ಇನ್ನೂ ಗಟ್ಟಿ. ಪಾಳಿ ಮುಗಿದ ಮೇಲೆ ಮಾರ್ಲಿಸ್ ಅರ್ಧ ಗಂಟೆ ಅವಳಿಗೆ ಕಥೆ ಓದಿ ಹೇಳುತ್ತಿದ್ದಳು.

"ಹೂಂ ಅಂತೀಯಾ ಆ ಹಾರ್ಲನ್‌ಗೆ?"

"ಅನ್ನಬಹುದು."

"ಪ್ರೀತಿನಾ?"

"ನಿದ್ದೆ, ಟಾಂಟೆ. ಮದುವೆಯಾದ್ರೆ ಬೆಳಿಗ್ಗೆ ಏಳು ಗಂಟೆವರೆಗೆ ಮಲಗಬಹುದು."

ಟಾಂಟೆ ಹೊದಿಕೆಯನ್ನು ಎದೆಗೆ ಎಳೆದುಕೊಂಡಳು. "ಓದು ಮುಂದಕ್ಕೆ. ಎಲ್ಲಿಗೆ ನಿಲ್ಲಿಸಿದ್ದೆ?"

"ಪುಟ ತುಂಬಾ ಗೀಚಿಬಿಟ್ಟಿದ್ದಾನೆ ಟಾಂಟೆ. ಗೆರಿಟ್, ಫೆನಾ ಮಗ."

"ಏನಂತ ಗೀಚಿದ್ದಾನೆ? ಅದನ್ನೂ ಓದೇ."

"ಅದು ಗಲೀಜು. ಒರೆಸ್ಬೇಕು."

"ಒರೆಸೋಕೆ ಮುಂಚೆ ಓದು."

ಮಾರ್ಲಿಸ್ ಓದಿದಳು. "'ಈ ಚಳಿಗೆ ಬಾವಿಯ ಪಂಪು ಹೆಪ್ಪುಗಟ್ಟಿರುತ್ತೆ. ಇವಳಿಗೆ ಕಾಫಿಗೆ ನೀರು ಎಲ್ಲಿಂದ ಬಂತು?'"

ಟಾಂಟೆ ಕೆಮ್ಮು ಬರುವವರೆಗೆ ನಕ್ಕಳು. "ಸರಿಯಾಗೇ ಕೇಳಿದ್ದಾನೆ. ಇನ್ನೊಂದು?"

"'ಇವಳು ಬೆಳಗಿಂದ ಏನೂ ತಿಂದಿಲ್ಲ. ಇಷ್ಟು ಜನ ಇದ್ದಾರೆ, ಒಬ್ಬರಾದ್ರೂ ಕೇಳಿದ್ರಾ?'"

ಮಾರ್ಲಿಸ್ ಆ ಸಾಲಿನ ಮೇಲೆ ಬೆರಳಿಟ್ಟಳು. ಪುಟ ತಿರುಗಿಸಲಿಲ್ಲ.

"ಯಾಕೆ ನಿಲ್ಲಿಸ್ದೆ?"

"ಏನಿಲ್ಲ."

"ನೀನು ತಿಂದ್ಯೇನೇ ಇವತ್ತು?"

"...ಕಾಫಿ ಕುಡಿದೆ."

"ಕಾಫಿ ಊಟ ಅಲ್ಲ ಕಣೇ" ಎಂದಳು ಟಾಂಟೆ. ಅವಳ ಕೈ ಹಾಸಿಗೆಯ ಮೇಲೆ ತಡಕಾಡಿ ಮಾರ್ಲಿಸ್‌ಳ ಕೈ ಹಿಡಿಯಿತು.

*

ಎರಡನೆಯ ಶನಿವಾರ ಗೆರಿಟ್ ಬರುವಾಗ ಕಾಗದದಲ್ಲಿ ಸುತ್ತಿದ ಒಂದು ಹ್ಯಾಮ್ ಬನ್ ತಂದು ಅವಳ ಮೇಜಿನ ಮೇಲಿಟ್ಟ.

"ಏನಿದು?"

"ಒಂದು ಜಾಸ್ತಿ ಆಯ್ತು. ತಿನ್ನಿ."

ಅವಳು ತಿಂದಳು. ಅವನು ಒರೆಸಿದ. ರಬ್ಬರಿನ ಪುಡಿಯನ್ನು ಊದಿ, ಪುಟವನ್ನು ಅಂಗೈಯಿಂದ ಸವರಿ, ಕಾಗದ ಹರಿಯದ ಹಾಗೆ ಮೆಲ್ಲಗೆ ಒರೆಸುತ್ತಿದ್ದ. ಅಷ್ಟು ದೊಡ್ಡ ಕೈಗೆ ಅಷ್ಟು ನಯ ಎಲ್ಲಿಂದ ಬಂತೋ. ನಾಲ್ಕು ಗಂಟೆಯ ಹೊತ್ತಿಗೆ ರಬ್ಬರ್ ಹಿಡಿದುಕೊಂಡೇ ನಿದ್ದೆ ಹೋದ. ಅವನೂ ಬೆಳಿಗ್ಗೆ ಮೂರಕ್ಕೆ ಎದ್ದವನು. ಮಾರ್ಲಿಸ್ ಎಬ್ಬಿಸಲಿಲ್ಲ. ಮೇಲಿನಿಂದ ಪಿಯಾನೋ ಕೇಳಿಸುತ್ತಿತ್ತು, ಯಾರೋ ಕ್ರಿಸ್‌ಮಸ್ ಹಾಡು ಅಭ್ಯಾಸ ಮಾಡುತ್ತಿದ್ದರು. ಎಷ್ಟೋ ದಿನಗಳ ನಂತರ ಅವಳು ಏನೂ ಮಾಡದೆ ಸುಮ್ಮನೆ ಕುಳಿತಳು.

ಮೂರನೆಯ ಶನಿವಾರ ಇಬ್ಬರಿಗೂ ವಾದವಾಯಿತು.

"ಕೊನೇಲಿ ಅವನು ಬರಲೇಬೇಕು" ಎಂದಳು ಮಾರ್ಲಿಸ್. "ಇಲ್ಲಾಂದ್ರೆ ಕಥೆ ಮುಗಿಯೋದು ಹೇಗೆ? ನೀವು ನೋಡಿದ್ರೆ ಎಲ್ಲಾ ಪುಸ್ತಕದಲ್ಲೂ 'ಇವನು ತಲುಪಲ್ಲ' ಅಂತ ಬರೆದಿದ್ದೀರಿ."

"ಬರೋಕೆ ಹೊರಟಿರ್ತಾನೆ. ಅದನ್ನ ನಾನು ಇಲ್ಲ ಅನ್ನಲ್ಲ. ಆದ್ರೆ ರಸ್ತೆ ಯಾರು ತೆಗೆದಿರ್ತಾರೆ? ಆಗ ನನ್ನಂಥೋರು ಇರ್ಲಿಲ್ವಲ್ಲ."

ಮಾರ್ಲಿಸ್ ನಕ್ಕುಬಿಟ್ಟಳು. ಆ ತಿಂಗಳಲ್ಲಿ ಅವಳು ನಕ್ಕಿದ್ದು ಅದೇ ಮೊದಲು. ಗೆರಿಟ್ ತಲೆಯೆತ್ತಿ ಅವಳನ್ನೇ ನೋಡಿದ. ನೋಡಿ, ಮತ್ತೆ ತಲೆ ತಗ್ಗಿಸಿ ಒರೆಸಿದ ಪುಟವನ್ನೇ ಇನ್ನೊಮ್ಮೆ ಒರೆಸಿದ.

'ಶನಿವಾರ ಬರಲಿ ಅಂತ ಕಾಯ್ತಿದ್ದೀನಲ್ಲ ನಾನು...' ಆ ದಿನ ಮನೆಗೆ ಹೋಗುವಾಗ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಉತ್ತರ ಹೇಳಬೇಕಾದ್ದು ಬೇರೆಯವರಿಗೆ. ಉಳಿದಿರುವುದು ಹನ್ನೊಂದು ದಿನ.

*

ನಾಲ್ಕನೆಯ ಶನಿವಾರ ಎಲ್ಲ ಕೆಟ್ಟಿತು.

ಗೆರಿಟ್ ಬರುವ ಮುಂಚೆ ಅವಳು ಒರೆಸದೆ ಉಳಿದಿದ್ದ ಪುಸ್ತಕವೊಂದನ್ನು ತೆರೆದಳು. ಹಗಲೂ ರಾತ್ರಿ ಬಟ್ಟೆ ಹೊಲಿದು ಬಸವಳಿದ ಹೆಣ್ಣೊಬ್ಬಳ ಕಥೆ. ಹೆಂಡತಿಯನ್ನು ಕಳೆದುಕೊಂಡ ಗಿರಣಿಯ ಯಜಮಾನ ಮದುವೆಯ ಮಾತೆತ್ತುತ್ತಾನೆ, ಅವಳು ಒಪ್ಪುತ್ತಾಳೆ. ಆ ಪುಟದ ಅಂಚಿನಲ್ಲಿ ಹೀಗಿತ್ತು:

'ದಣಿದವಳು ಹೂಂ ಅಂದ್ರೆ ಅದು ಹೂಂ ಅಲ್ಲ. ಮೊದಲು ಮಲಗೋಕೆ ಬಿಡಿ. ಎದ್ದ ಮೇಲೆ ಕೇಳಿ.'

ಮಾರ್ಲಿಸ್‌ಳ ಮುಖಕ್ಕೆ ರಕ್ತ ನುಗ್ಗಿತು. ಅವಳ ವಿಷಯವನ್ನು ಊರೆಲ್ಲ ಆಡಿಕೊಳ್ಳುತ್ತಿತ್ತು, ಅದು ಅವಳಿಗೆ ಗೊತ್ತು. ಆದರೆ ಇವನೂ... ಅದೂ ಬರವಣಿಗೆಯಲ್ಲಿ...

ಗೆರಿಟ್ ಬಾಗಿಲಲ್ಲಿ ಬೂಟಿನ ಹಿಮ ಕೊಡವುತ್ತಿದ್ದ. ಅವನ ಕೈಯಲ್ಲಿ ಇವತ್ತೂ ಒಂದು ಕಾಗದದ ಪೊಟ್ಟಣ.

"ಇದೇನು ಇದು?" ಪುಸ್ತಕವನ್ನು ಅವನ ಮುಖದ ಮುಂದೆ ಹಿಡಿದಳು.

ಅವನು ಓದಿದ. "ಅದು... ನಾನು..."

"ಹಾರ್ಲನ್ ನನ್ನನ್ನ ಕೇಳಿರೋದು ಊರಿಗೆಲ್ಲಾ ಗೊತ್ತು. ನಿಮಗೂ ಗೊತ್ತು. ಅದಕ್ಕೆ ಚರ್ಚಿನ ಪುಸ್ತಕದಲ್ಲಿ ನನ್ನ ಬಗ್ಗೆ ಬರೆದಿಡೋದಾ? ನಾಳೆ ಇನ್ನೊಬ್ಬಳು ಓದಿ ನಗಲಿ ಅಂತ?"

"ಅದು ನಿಮ್ಮ ಬಗ್ಗೆ ಬರೆದಿದ್ದಲ್ಲ."

"ಮತ್ತೆ ಯಾರ ಬಗ್ಗೆ? ನಾನು ದಣಿದಿದ್ದೀನಿ, ಹೌದು. ಆದ್ರೆ ನನ್ನ ಹೂಂ ನನಗೆ ಬಿಡಿ. ರಬ್ಬರ್ ಅಲ್ಲಿಟ್ಟು ಹೋಗಿ."

ಗೆರಿಟ್ ರಬ್ಬರನ್ನು ಮೇಜಿನ ಮೇಲಿಟ್ಟ. ಪೊಟ್ಟಣವನ್ನೂ ಅದರ ಪಕ್ಕದಲ್ಲಿಟ್ಟ. ಮತ್ತೆ ಮೆಟ್ಟಿಲು ಹತ್ತಿ ಹೋದ.

ಒಂದು ಮಾತು ಬಿಡಿಸಿ ಹೇಳಿದ್ದರೆ ಮುಗಿಯುತ್ತಿತ್ತು. ಕುದುರೆಯ ಬಗ್ಗೆ, ಪಂಪಿನ ಬಗ್ಗೆ ಪುಟಗಟ್ಟಲೆ ಬರೆಯುವ ಈ ಗಂಡಸು ಬೇಕಾದ ಹೊತ್ತಿಗೆ ಬಾಯಿ ಹೊಲಿದುಕೊಂಡ. ಇವಳೂ ಕಡಿಮೆಯಲ್ಲ. ಊರಿನ ಪುಸ್ತಕಗಳನ್ನೆಲ್ಲ ನೋಡಿಕೊಳ್ಳುವವಳು ಆ ಪುಸ್ತಕದ ಹಿಂದಿನ ಕಾರ್ಡನ್ನೇ ನೋಡಲಿಲ್ಲ. ಹಾಗೇ ಚೀಲಕ್ಕೆ ತುರುಕಿ ಮನೆಗೆ ಹೋದಳು.

*

ಇಪ್ಪತ್ನಾಲ್ಕರ ಮಧ್ಯಾಹ್ನ ಶುರುವಾದ ಹಿಮ ಕ್ರಿಸ್‌ಮಸ್ ಬೆಳಿಗ್ಗೆಯೂ ಬೀಳುತ್ತಿತ್ತು. ಹಾರ್ಲನ್ ಕಾರು ತಂದು ಮಾರ್ಲಿಸ್‌ಳನ್ನು ಚರ್ಚಿಗೆ ಕರೆದೊಯ್ದರು. ಹಿಂದಿನ ದಿನ ಎರಡು ಪಾಳಿ ಮಾಡಿದ್ದ ಅವಳು ಪಾದ್ರಿಯ ಪ್ರಸಂಗದ ಅರ್ಧಕ್ಕೇ ತೂಕಡಿಸಿದಳು. ಹಾರ್ಲನ್ ಮೊಣಕೈಯಿಂದ ಮೆಲ್ಲಗೆ ತಿವಿದರು.

ವಾಪಸು ಬರುವಾಗ ಉತ್ತರ ಹೇಳಬೇಕಿತ್ತು. ಅವಳ ಮನೆ ಊರಿನಿಂದ ನಾಲ್ಕು ಮೈಲಿ, ಕೊನೆಗೆ ಜಲ್ಲಿ ರಸ್ತೆ. 'ಹೂಂ ಅಂದುಬಿಡೋಣ. ಅಂದು ಮಲಗೋಣ' ಎಂದುಕೊಳ್ಳುತ್ತಾ ಅವಳು ಕಣ್ಣು ಮುಚ್ಚಿದ್ದಳು.

"ನೋಡು, ನೋಡು" ಎಂದರು ಹಾರ್ಲನ್, ಜಲ್ಲಿ ರಸ್ತೆಗೆ ತಿರುಗುತ್ತಾ. "ಮೂರೇ ಮನೆ ಇರೋ ರಸ್ತೆ. ಹಿಮ ತೆಗೆಯೋ ಪಟ್ಟಿಯಲ್ಲಿ ಕೊನೇದು. ಆದ್ರೆ ಎಷ್ಟು ಚೊಕ್ಕವಾಗಿ ತೆಗೆದಿದ್ದಾನೆ ನೋಡು. ಈ ವಿಷಯ ನಾನು ಮಂಡಳಿ ಸಭೆಯಲ್ಲೂ ಎತ್ತಿದ್ದೀನಿ."

"ಯಾವ ವಿಷಯ?"

"ಆ ಗೆರಿಟ್ ವಿಷಯ. ನಾಲ್ಕು ಚಳಿಗಾಲದಿಂದ ಹೀಗೇ. ಡ್ಯೂಟಿ ಶುರುವಾಗೋಕೆ ಒಂದು ಗಂಟೆ ಮುಂಚೆ ಬಂದು ಲಾರಿ ತೆಗೀತಾನೆ. ಸಂಬಳ ಇಲ್ಲ, ಹೇಳಿದವರಿಲ್ಲ. ಯಾಕಯ್ಯಾ ಅಂದ್ರೆ, ಆ ರಸ್ತೆಯಲ್ಲಿ ಐದೂವರೆಗೆ ಕೆಲಸಕ್ಕೆ ಹೋಗೋರು ಒಬ್ಬರಿದ್ದಾರೆ ಅಂತಾನೆ. ನಿಯಮ ಅಂತ ಒಂದಿಲ್ವಾ?"

ಮಾರ್ಲಿಸ್ ಕಣ್ಣು ತೆರೆದಳು.

ನಾಲ್ಕು ಚಳಿಗಾಲ. ಕತ್ತಲಲ್ಲಿ ಕಾರು ಹೊರಗೆ ತೆಗೆದ ಪ್ರತಿ ಬೆಳಿಗ್ಗೆ, 'ದೇವರೇ, ಇವತ್ತೂ ರಸ್ತೆ ಇದೆ, ಸ್ತೋತ್ರ' ಎಂದಿದ್ದಳು. ಯಾರು ತೆಗೆದರು ಎಂದು ಒಂದು ದಿನವೂ ಕೇಳಿರಲಿಲ್ಲ. ರಸ್ತೆ ತಾನಾಗಿ ಇರುತ್ತದೆ ಎಂದುಕೊಂಡಿದ್ದಳು.

ಕಾರು ಮನೆಯ ಮುಂದೆ ನಿಂತಿತು. ಹಾರ್ಲನ್ ಕೈಗವಸು ಕಳಚಿ ಅವಳತ್ತ ತಿರುಗಿದರು.

"ಏನು ಯೋಚನೆ ಮಾಡಿದೆ?"

"ಹೂಂ ಅನ್ನೋಕೇ ಹೊರಟಿದ್ದೆ ಹಾರ್ಲನ್. ಬರೀ ದಣಿವಿಗೆ. ಅದು ನಿಮಗೆ ಮಾಡೋ ಮೋಸ." ಅವಳು ಸೀಟ್ ಬೆಲ್ಟ್ ಬಿಚ್ಚಿದಳು. "ಬೇಡ. ಕ್ಷಮಿಸಿ."

ಹಾರ್ಲನ್ ಗಾಜಿನ ಮೇಲೆ ಓಡಾಡುತ್ತಿದ್ದ ವೈಪರ್ ನಿಲ್ಲಿಸಿದರು.

"ನಾನು ಚೆನ್ನಾಗಿ ನೋಡ್ಕೋತಿದ್ದೆ" ಎಂದರು.

"ಗೊತ್ತು. ಅದರಲ್ಲಿ ನನಗೆ ಅನುಮಾನ ಇಲ್ಲ."

ಅವರು ಕೆಳಗಿಳಿದು ಬಂದು ಅವಳ ಕಡೆಯ ಬಾಗಿಲು ತೆರೆದರು. ಅಷ್ಟು ಮರ್ಯಾದಸ್ಥರು.

*

ಅಡುಗೆಮನೆಯಲ್ಲಿ ಕೋಟೂ ಬಿಚ್ಚದೆ ಅವಳು ಚೀಲದಿಂದ ಆ ಪುಸ್ತಕ ತೆಗೆದಳು. ಮೊನ್ನೆ ಮಾಡಬೇಕಾದ್ದನ್ನು ಇವತ್ತು ಮಾಡಿದಳು. ಹಿಂದಿನ ಲಕೋಟೆಯಿಂದ ಕಾರ್ಡು ಎಳೆದಳು.

ಕೊನೆಯ ಸಾಲು: ಫೆನಾ ವಾಂಡರ್‌ಪ್ಲಾಟ್ಸ್, ಜನವರಿ 13.

ಜನವರಿ. ಹಾರ್ಲನ್ ಕೇಳುವುದಕ್ಕೆ ಹತ್ತು ತಿಂಗಳ ಮುಂಚೆ. ಫೆನಾ ಇನ್ನೂ ಬದುಕಿದ್ದಾಗ. ಅದಾದ ಮೇಲೆ ಆ ಪುಸ್ತಕವನ್ನು ಯಾರೂ ಒಯ್ದಿರಲಿಲ್ಲ.

ಮಾರ್ಲಿಸ್ ಕುರ್ಚಿಯ ಮೇಲೆ ಕುಸಿದು ಅತ್ತುಬಿಟ್ಟಳು. ಅತ್ತು ಮುಗಿದ ಮೇಲೆ ಬಟಾಣಿ ಸೂಪು ಬಿಸಿ ಮಾಡಿ ಥರ್ಮಾಸ್‌ಗೆ ತುಂಬಿದಳು. ಬ್ಯಾಂಕೆಟ್ ಎನ್ನುವ ಬಾದಾಮಿ ಹೂರಣದ ಕ್ರಿಸ್‌ಮಸ್ ತಿನಿಸು ಎರಡು ತುಂಡು ಕಟ್ಟಿಕೊಂಡಳು. ಕಾರು ತೆಗೆದಳು.

ಊರಂಚಿನಲ್ಲಿ ಕೌಂಟಿಯವರು ಉಪ್ಪು, ಮರಳು ರಾಶಿ ಹಾಕುವ ಶೆಡ್ಡಿದೆ. ಮಧ್ಯಾಹ್ನ ಎರಡಕ್ಕೆ ಗೆರಿಟ್ ಅಲ್ಲಿ ಲಾರಿ ನಿಲ್ಲಿಸಿ, ಸ್ಟವ್ ಪಕ್ಕದ ಬೆಂಚಿನ ಮೇಲೆ ಬೂಟಿನ ಕಾಲು ಚಾಚಿ ಕುಳಿತಿದ್ದ. ಕಣ್ಣು ಕೆಂಡದಂತಿತ್ತು. ಅವಳನ್ನು ನೋಡಿ ಎದ್ದು ನಿಲ್ಲಲು ಹೋದ.

"ಕೂತ್ಕೊಳ್ಳಿ. ಏನಾದ್ರೂ ತಿಂದ್ರಾ?"

"...ಕಾಫಿ ಕುಡಿದೆ."

"ಕಾಫಿ ಊಟ ಅಲ್ಲ" ಎಂದು ಅವಳು ಸೂಪು ಬಗ್ಗಿಸಿ ಕೊಟ್ಟಳು. ಅವನು ಕುಡಿಯುವವರೆಗೆ ಕಾದು, ಪುಸ್ತಕವನ್ನು ಬೆಂಚಿನ ಮೇಲಿಟ್ಟಳು.

"ಜನವರಿಯಲ್ಲಿ ಬರೆದಿದ್ದು. ಯಾಕೆ ಹೇಳ್ಲಿಲ್ಲ?"

ಗೆರಿಟ್ ಬಟ್ಟಲಿನೊಳಗೆ ನೋಡುತ್ತಾ ಹೇಳಿದ. "ಅಮ್ಮನ ಕಣ್ಣು ಹೋಗಿತ್ತಲ್ಲ, ನಾನೇ ಓದಿ ಹೇಳ್ತಿದ್ದೆ. ಪ್ರತಿ ಪುಟಕ್ಕೂ ಜಗಳ ಆಡೋಳು. ಕುದುರೆ ಓಡುತ್ತೆ ಅನ್ನೋಳು. ನಾನು ಓಡಲ್ಲ ಅಂತ ಬರೆದು ಹಾಕ್ತಿದ್ದೆ, ಅವಳನ್ನ ರೇಗಿಸೋಕೆ. ಅವಳು ಹೋದ ಮೇಲೆ... ಜಗಳ ಆಡೋಕೆ ಯಾರೂ ಇಲ್ಲ. ಓದೋದು ಬಿಡೋಕಾಗ್ಲಿಲ್ಲ. ಬರೆಯೋದೂ ಬಿಡೋಕಾಗ್ಲಿಲ್ಲ."

"ಗೇಲಿ ಮಾಡ್ತಿದ್ದೀರಿ ಅಂದುಕೊಂಡಿದ್ದೆ."

"ಗೊತ್ತು."

"ರಸ್ತೆ ವಿಷಯ ಹಾರ್ಲನ್ ಹೇಳಿದ್ರು."

ಅವನ ಕಿವಿ ಮತ್ತೆ ಕೆಂಪಾಯಿತು. "ಬೆಳಿಗ್ಗೆ ನಿಮ್ಮ ಕಾರಿನ ದೀಪ ಮುಂದಕ್ಕೆ ಹೋಗೋದು ಕಂಡ್ರೆ... ಆ ದಿನದ ಕೆಲಸ ಹಗುರ ಅನ್ಸುತ್ತೆ. ಅಷ್ಟೇ."

ಸ್ಟವ್ ಚಟಪಟ ಎಂದಿತು. ಮಾರ್ಲಿಸ್ ಅವನ ಪಕ್ಕ ಕುಳಿತಳು.

"ಹಾರ್ಲನ್‌ಗೆ ಬೇಡ ಅಂದೆ."

ಗೆರಿಟ್ ಬಟ್ಟಲನ್ನು ಕೆಳಗಿಟ್ಟ. ಏನೋ ಹೇಳಲು ಬಾಯಿ ತೆರೆದು, ಅವಳ ಮುಖವನ್ನು ಸರಿಯಾಗಿ ನೋಡಿದ. ಕಣ್ಣ ಕೆಳಗಿನ ಕಪ್ಪು, ಒಡೆದ ತುಟಿ.

"ನಿಮ್ಮನ್ನ ಒಂದು ಮಾತು ಕೇಳ್ಬೇಕು. ಆದ್ರೆ ಇವತ್ತು ಕೇಳಲ್ಲ."

"ಯಾಕೆ?"

"ನೀವು ಎಷ್ಟು ಹೊತ್ತು ನಿದ್ದೆ ಮಾಡಿದ್ರಿ?"

"ಮೂರು ಗಂಟೆ."

"ಹೋಗಿ ಮಲಗಿ. ನಾಳೆ ಇಪ್ಪತ್ತಾರು, ನಮ್ಮೂರಿನ ಎರಡನೇ ಕ್ರಿಸ್‌ಮಸ್, ಇಬ್ಬರಿಗೂ ರಜ. ಹತ್ತು ಗಂಟೆಗೆ ಬರ್ತೀನಿ."

"ಹಿಮ ಬಿದ್ರೆ?"

"ರಸ್ತೆ ನಾನೇ ತೆಗೀತೀನಲ್ಲ."

*

ಮಾರ್ಲಿಸ್ ಆ ದಿನ ಸಂಜೆ ಆರಕ್ಕೇ ಮಲಗಿದಳು. ಅಲಾರಾಂ ಇಡಲಿಲ್ಲ. ಎದ್ದಾಗ ಕಿಟಕಿಯ ತುಂಬ ಬಿಸಿಲಿತ್ತು. ಅದು ಎಂಥ ನಿದ್ದೆಯೆಂದರೆ, ಒಂದು ಕ್ಷಣ ತಾನು ಯಾರು, ಏನು ಕೆಲಸ ಎನ್ನುವುದೂ ನೆನಪಾಗಲಿಲ್ಲ.

ಹತ್ತಕ್ಕೆ ಐದು ನಿಮಿಷ ಇರುವಾಗ ಬಾಗಿಲು ತಟ್ಟಿದ ಸದ್ದು. ಗೆರಿಟ್ ಕ್ಷೌರ ಮಾಡಿಕೊಂಡು ಬಂದಿದ್ದ. ಗಲ್ಲದ ಮೇಲೆ ಒಂದು ಗೀರು. ಕೈಯಲ್ಲಿ ಅದೇ ಉಣ್ಣೆಯ ಟೋಪಿ.

"ನಿದ್ದೆ ಆಯ್ತಾ?"

"ಹದಿನಾಲ್ಕು ಗಂಟೆ."

"ತಿಂದ್ರಾ?"

"ಎರಡು ಮೊಟ್ಟೆ, ಬ್ರೆಡ್ಡು. ಉಳಿದ ಬ್ಯಾಂಕೆಟ್ಟೂ ತಿಂದೆ."

"ದಣಿವು?"

ಅವಳು ನಿಜವಾಗಿ ಯೋಚಿಸಿದಳು. ಸುಳ್ಳು ಹೇಳುವುದು ಬೇಡವೆನಿಸಿತು. "ಕಾಲಿನಲ್ಲಿ ಸ್ವಲ್ಪ ಇದೆ. ತಲೆಯಲ್ಲಿ ಇಲ್ಲ."

"ಹಾಗಾದ್ರೆ ಕೇಳ್ಲಾ?"

ಮಾರ್ಲಿಸ್ ಅವನ ಕೈಯಿಂದ ಟೋಪಿ ಬಿಡಿಸಿಕೊಂಡು ಗೂಟಕ್ಕೆ ನೇತುಹಾಕಿದಳು.

"ಹೂಂ."